ಬೆಳಿಗ್ಗೆ ಸ್ಟಾರ್ಟ್ ಆಗದ ಕಾರು: ವಿದ್ಯುತ್ ದೋಷವನ್ನು ಅಳೆದು ಪತ್ತೆಹಚ್ಚುವ ಕ್ರಮ

ರಾತ್ರಿ ಸರಿಯಾಗಿಯೇ ಓಡಿ ಬಂದು ನಿಂತ ಕಾರು ಬೆಳಿಗ್ಗೆ ಕೀಲಿ ತಿರುಗಿಸಿದಾಗ ಟಕ್ಕೆಂದು ಸದ್ದು ಮಾಡಿ ಸುಮ್ಮನಾದರೆ ಬಹುತೇಕ ಮಾಲೀಕರು ಮೊದಲು ಫೋನ್ ಮಾಡುವುದು ಬ್ಯಾಟರಿ ಅಂಗಡಿಗೆ. ಹೊಸ ಬ್ಯಾಟರಿ ಬಂದು ಕೂರುತ್ತದೆ, ಕಾರು ಹೊರಡುತ್ತದೆ, ಕೆಲವು ವಾರ ಕಳೆದ ಮೇಲೆ ಅದೇ ಸದ್ದು ಮತ್ತೆ ಕೇಳಿಸುತ್ತದೆ. ಬ್ಯಾಟರಿ ಸೋತಿದೆ ಎಂಬುದು ಅನೇಕ ಸಲ ನಿಜವೇ ಆಗಿರುತ್ತದೆ. ಆದರೆ ಅದು ಏಕೆ ಸೋತಿತು ಎಂಬ ಪ್ರಶ್ನೆ ಹಾಗೆಯೇ ಉಳಿದುಬಿಡುತ್ತದೆ. ಆಲ್ಟರ್ನೇಟರ್ ತುಂಬಿಸುತ್ತಿಲ್ಲವೇ, ರಾತ್ರಿಯಿಡೀ ಯಾವುದೋ ದೀಪ ಅಥವಾ ಉಪಕರಣ ವಿದ್ಯುತ್ತನ್ನು ಹೀರುತ್ತಿದೆಯೇ, ಅಥವಾ ಬ್ಯಾಟರಿ ಚೆನ್ನಾಗಿಯೇ ಇದ್ದು ಅದರಿಂದ ಹೊರಟ ಕರೆಂಟು ದಾರಿಯಲ್ಲಿ ಎಲ್ಲೋ ಸಿಕ್ಕಿಬೀಳುತ್ತಿದೆಯೇ ಎಂಬುದನ್ನು ಸಾಧಾರಣ ಡಿಜಿಟಲ್ ಮಲ್ಟಿಮೀಟರೊಂದರಿಂದ ಮನೆಯಂಗಳದಲ್ಲೇ ತಿಳಿಯಬಹುದು. ಮೊದಲು ಅಳತೆ, ಆಮೇಲೆ ಬಿಡಿಭಾಗ ಎಂಬ ಕ್ರಮವನ್ನು ಬಿಡದೆ ಪಾಲಿಸಿದರೆ ಹಣವೂ ಉಳಿಯುತ್ತದೆ, ದೋಷವೂ ತೀರುತ್ತದೆ.

ಇಲ್ಲಿ ಹೇಳಿರುವುದು 12 ವೋಲ್ಟ್ ವ್ಯವಸ್ಥೆಯಿರುವ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಿಗೆ ಅನ್ವಯಿಸುತ್ತದೆ. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳಲ್ಲಿರುವ ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳು ಪ್ರಾಣಾಪಾಯದ ವೋಲ್ಟೇಜನ್ನು ಹೊತ್ತಿರುವುದರಿಂದ ಅವುಗಳನ್ನು ತರಬೇತಿ ಪಡೆದವರಲ್ಲದೆ ಬೇರೆಯವರು ಮುಟ್ಟಬಾರದು. ಏರ್‌ಬ್ಯಾಗಿನ ಹಳದಿ ಕನೆಕ್ಟರ್‌ಗಳ ಒಳಗೆ ಮೀಟರಿನ ಮೊನೆ ತೂರಿಸುವುದೂ ಅಷ್ಟೇ ನಿಷಿದ್ಧ.

ಕರೆಂಟು ಸುತ್ತುವ ದಾರಿ

ಕಾರಿನ ವಿದ್ಯುತ್ ವ್ಯವಸ್ಥೆಯನ್ನು ಅರಿಯಲು ಮೂರು ಯಂತ್ರಗಳ ನಡುವಿನ ವ್ಯವಹಾರ ತಿಳಿದರೆ ಸಾಕು. ಬ್ಯಾಟರಿಯೊಳಗೆ ತಲಾ 2.1 ವೋಲ್ಟಿನ ಆರು ಕೋಶಗಳು ಸಾಲಾಗಿ ಜೋಡಣೆಯಾಗಿರುತ್ತವೆ. ಆದ್ದರಿಂದ ಪೂರ್ತಿ ತುಂಬಿ ವಿಶ್ರಾಂತಿಯಲ್ಲಿರುವ ಬ್ಯಾಟರಿ 12 ಅಲ್ಲ, 12.6 ವೋಲ್ಟ್ ತೋರಿಸುತ್ತದೆ. ಸ್ಟಾರ್ಟರ್ ಮೋಟಾರ್ ಎಂಜಿನ್ನನ್ನು ಮೊದಲ ಕೆಲವು ಸುತ್ತು ತಿರುಗಿಸುತ್ತದೆ, ಮತ್ತು ಕಾರಿನಲ್ಲಿ ಅದರಷ್ಟು ಕರೆಂಟು ಬೇಡುವ ವಸ್ತು ಬೇರೊಂದಿಲ್ಲ: ಸಣ್ಣ ಪೆಟ್ರೋಲ್ ಎಂಜಿನ್ನಿಗೆ 100 ಆಂಪಿಯರ್ ಆಸುಪಾಸು, ಡೀಸೆಲ್ಲಿಗೆ ಅದಕ್ಕಿಂತ ಬಹಳ ಹೆಚ್ಚು. ಎಂಜಿನ್ ಹೊತ್ತಿಕೊಂಡ ಕ್ಷಣದಿಂದ ಬೆಲ್ಟಿನ ಮೂಲಕ ತಿರುಗುವ ಆಲ್ಟರ್ನೇಟರ್ ಮನೆಯ ಯಜಮಾನಿಕೆಯನ್ನು ವಹಿಸಿಕೊಳ್ಳುತ್ತದೆ. ಅದು ಮೂರು ಹಂತದ ಪರ್ಯಾಯ ವಿದ್ಯುತ್ತನ್ನು ಹುಟ್ಟಿಸಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್‌ಗಳ ಮೂಲಕ ನೇರ ವಿದ್ಯುತ್ತಾಗಿ ಮಾರ್ಪಡಿಸಿ, ರೆಗ್ಯುಲೇಟರಿನ ಹತೋಟಿಯಲ್ಲಿ ಸುಮಾರು 14 ವೋಲ್ಟಿನಲ್ಲಿ ದೀಪ, ಪಂಪು, ಫ್ಯಾನುಗಳನ್ನು ಸಾಕುತ್ತ ಬ್ಯಾಟರಿಯಿಂದ ತೆಗೆದದ್ದನ್ನು ಬ್ಯಾಟರಿಗೆ ಮರಳಿಸುತ್ತದೆ.

ಪ್ರತಿಯೊಂದು ಮಂಡಲದಲ್ಲೂ (ಸರ್ಕ್ಯೂಟ್) ಕರೆಂಟು ಧನ ತುದಿಯಿಂದ ಹೊರಟು ಫ್ಯೂಸು, ಸ್ವಿಚ್ಚು ಅಥವಾ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚು) ದಾಟಿ, ದೀಪ ಅಥವಾ ಮೋಟಾರಿನಲ್ಲಿ ಕೆಲಸ ಮಾಡಿ, ಬ್ಯಾಟರಿಯ ಋಣ ತುದಿಗೆ ವಾಪಸು ಬರಲೇಬೇಕು. ಈ ವಾಪಸು ದಾರಿಗೆ ತಯಾರಕರು ಬೇರೆ ತಂತಿ ಎಳೆಯದೆ ಕಾರಿನ ಲೋಹದ ದೇಹವನ್ನೇ ಬಳಸಿಕೊಂಡಿದ್ದಾರೆ. ಅದನ್ನೇ ಎಲ್ಲರೂ ಬಾಡಿ ಅರ್ಥ್ ಎನ್ನುವುದು. ಫ್ಯೂಸಿನ ಡಬ್ಬಿಯಿಂದ ದೀಪದವರೆಗಿನ ತಂತಿಯನ್ನು ಇಂಚಿಂಚು ಹುಡುಕುವವರು ದೀಪದಿಂದ ಬ್ಯಾಟರಿಗೆ ಮರಳುವ ದಾರಿಯನ್ನು ನೋಡುವುದೇ ಅಪರೂಪ. ಆದರೆ ಮಳೆ, ಕೆಸರು, ಬಣ್ಣ, ತುಕ್ಕು ಇವೆಲ್ಲ ಸೇರಿ ಕೆಡಿಸುವುದು ಹೆಚ್ಚಾಗಿ ಆ ವಾಪಸು ದಾರಿಯ ಬೋಲ್ಟುಗಳನ್ನೇ. ಕಾರವಾರ, ಮಂಗಳೂರಿನಂತಹ ಕಡಲ ಊರುಗಳಲ್ಲಿ ಉಪ್ಪಿನ ಗಾಳಿ ಇದಕ್ಕೆ ಇನ್ನಷ್ಟು ಬೆಂಬಲ ಕೊಡುತ್ತದೆ.

ಕೈ ಹಾಕುವ ಮೊದಲು

ಉಂಗುರ, ಲೋಹದ ಕೈಗಡಿಯಾರ, ಬಳೆಗಳನ್ನು ತೆಗೆದಿಡಬೇಕು. ಸ್ಪ್ಯಾನರ್ ಒಂದು ಧನ ತುದಿಗೂ ಬಾಡಿಗೂ ಒಟ್ಟಿಗೆ ತಾಗಿದರೆ ಅದು ಕ್ಷಣಮಾತ್ರದಲ್ಲಿ ಕೆಂಪಗೆ ಕಾಯುತ್ತದೆ. ಇದೇ ಕಾರಣಕ್ಕೆ ಬ್ಯಾಟರಿ ಕಳಚುವಾಗ ಋಣ ತುದಿಯನ್ನು ಮೊದಲು ಬಿಚ್ಚಿ, ಜೋಡಿಸುವಾಗ ಅದನ್ನೇ ಕೊನೆಯಲ್ಲಿ ಹಾಕಬೇಕು. ಋಣ ತುದಿ ಬಿಚ್ಚಿದ ಮೇಲೆ ಸ್ಪ್ಯಾನರ್ ಧನ ತುದಿಗೂ ಬಾಡಿಗೂ ಒಟ್ಟಿಗೆ ತಾಗಿದರೂ ಮಂಡಲ ಪೂರ್ಣವಾಗುವುದಿಲ್ಲ. ಚಾರ್ಜ್ ಆಗುತ್ತಿರುವ ಬ್ಯಾಟರಿಯಿಂದ ಜಲಜನಕ ಹೊರಬರುವುದರಿಂದ ಹತ್ತಿರ ಬೀಡಿ, ಬೆಂಕಿ ಇರಕೂಡದು. ಒಳಗಿರುವುದು ಸಲ್ಫ್ಯೂರಿಕ್ ಆಮ್ಲವಾದ್ದರಿಂದ ಕಣ್ಣಿಗೆ ಕನ್ನಡಕ ಇರಲಿ.

ಮೀಟರನ್ನು ನೇರ ವಿದ್ಯುತ್ತಿನ 20 ವೋಲ್ಟ್ ಶ್ರೇಣಿಯಲ್ಲಿಟ್ಟರೆ ಇಲ್ಲಿಯ ಹೆಚ್ಚಿನ ಕೆಲಸ ನಡೆಯುತ್ತದೆ. ಆಂಪಿಯರ್ ಅಳೆಯಲು ಕೆಂಪು ತಂತಿಯನ್ನು 10 ಆಂಪಿಯರ್ ತೂತಿಗೆ ಬದಲಿಸಿದವರು ಅಳತೆ ಮುಗಿದ ಕೂಡಲೇ ಅದನ್ನು ವಾಪಸು ತರುವ ಅಭ್ಯಾಸ ಮಾಡಿಕೊಳ್ಳಬೇಕು. ಹಾಗೆಯೇ ಬಿಟ್ಟು ಮುಂದಿನ ಸಲ ಬ್ಯಾಟರಿಯ ಎರಡು ತುದಿಗಳಿಗೆ ಮೊನೆಗಳನ್ನು ಮುಟ್ಟಿಸಿದರೆ ಅದು ನೇರ ಶಾರ್ಟ್ ಆದಂತೆ. ಅಗ್ಗದ ಮೀಟರುಗಳಲ್ಲಿ ಆ ತೂತಿಗೆ ಫ್ಯೂಸಿನ ರಕ್ಷಣೆಯೂ ಇರುವುದಿಲ್ಲ.

ಕೀಲಿ ತಿರುಗಿಸಿದಾಗ ಕೇಳಿಸುವುದು

ಮೀಟರ್ ಹಿಡಿಯುವ ಮೊದಲು ಕಾರು ಏನು ಹೇಳುತ್ತಿದೆ ಎಂದು ಕಿವಿಗೊಟ್ಟು ಕೇಳುವುದು ಲಾಭದಾಯಕ. ಒಳಗಿನ ದೀಪ ಹಚ್ಚಿಟ್ಟುಕೊಂಡು ಕೀಲಿ ತಿರುಗಿಸಬೇಕು. ಟಕಟಕಟಕವೆಂದು ವೇಗವಾಗಿ ಸದ್ದು ಬಂದು ದೀಪ ಅದಕ್ಕೆ ತಕ್ಕಂತೆ ಮಿಣಮಿಣ ಎಂದರೆ ಸ್ಟಾರ್ಟರಿನ ಸೊಲೆನಾಯ್ಡ್ (ಸ್ಟಾರ್ಟರಿಗೆ ಕರೆಂಟು ಹಾಯಿಸುವ ವಿದ್ಯುತ್ಕಾಂತದ ಸ್ವಿಚ್ಚು) ಹಿಡಿದು ಬಿಟ್ಟು ಮಾಡುತ್ತಿದೆ; ಬ್ಯಾಟರಿ ಖಾಲಿಯಾಗಿದೆ, ಇಲ್ಲವೇ ಅದರ ತುದಿಯ ಕ್ಲ್ಯಾಂಪು ಸಡಿಲವಾಗಿದೆ. ಒಂದೇ ಒಂದು ಗಟ್ಟಿ ಟಕ್ ಸದ್ದು ಬಂದು ದೀಪ ಹಾಗೆಯೇ ಉರಿಯುತ್ತಿದ್ದರೆ ಬ್ಯಾಟರಿಯ ಮೇಲೆ ಸಂಶಯ ಪಡುವ ಅಗತ್ಯ ಕಡಿಮೆ; ಸ್ಟಾರ್ಟರಿನ ಒಳಗಿನ ಸಂಪರ್ಕ ಬಿಂದುಗಳು ಅಥವಾ ಕಾರ್ಬನ್ ಬ್ರಷ್‌ಗಳು ಸವೆದಿರಬಹುದು. ಸದ್ದೇ ಇಲ್ಲ, ದೀಪವೂ ಮಂದವಾಗಿಲ್ಲ ಎಂದರೆ ಸ್ಟಾರ್ಟರಿಗೆ ಆಜ್ಞೆಯೇ ತಲುಪುತ್ತಿಲ್ಲ. ಎಂಜಿನ್ ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ದೋಷ ಇಂಧನದ್ದೋ ಕಿಡಿಯದ್ದೋ ಆಗಿರುತ್ತದೆ. ಅದು ಬೇರೆ ಕಥೆ, ಇಲ್ಲಿಗೆ ಸೇರಿದ್ದಲ್ಲ.

ವಿಶ್ರಾಂತಿಯಲ್ಲಿರುವ ಬ್ಯಾಟರಿ

ಆಗಷ್ಟೇ ಓಡಿ ನಿಂತ ಕಾರಿನ ಬ್ಯಾಟರಿ ತನ್ನ ನಿಜಸ್ಥಿತಿಗಿಂತ ಹೆಚ್ಚಿನ ವೋಲ್ಟೇಜ್ ತೋರಿಸುತ್ತದೆ. ಆದ್ದರಿಂದ ಅಳತೆಯನ್ನು ರಾತ್ರಿಯಿಡೀ ನಿಂತ ಮೇಲೆ, ಬಾಗಿಲು ತೆರೆದು ಎಲ್ಲವನ್ನೂ ಎಬ್ಬಿಸುವ ಮೊದಲೇ ಮಾಡುವುದು ಉತ್ತಮ. ಅಷ್ಟು ಸಮಯವಿಲ್ಲದಿದ್ದರೆ ಹೆಡ್‌ಲೈಟನ್ನು ಒಂದೆರಡು ನಿಮಿಷ ಹಚ್ಚಿ ಆರಿಸಿ, ಸ್ವಲ್ಪ ಕಾಯ್ದು ಅಳೆಯಬಹುದು. 12.6 ಅಥವಾ ಅದಕ್ಕಿಂತ ಮೇಲಿದ್ದರೆ ಪೂರ್ತಿ, 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು ಭಾಗ ಎಂಬುದು ಸಾಮಾನ್ಯ ಆಮ್ಲ ಬ್ಯಾಟರಿಗಳ ಅಂದಾಜು ಲೆಕ್ಕ. ಹನ್ನೆರಡು ವೋಲ್ಟ್ ಇದೆಯಲ್ಲ, ಬ್ಯಾಟರಿ ಚೆನ್ನಾಗಿದೆ ಎನ್ನುವವರು ಮುಕ್ಕಾಲು ಖಾಲಿಯಾದ ಬ್ಯಾಟರಿಗೆ ಸರ್ಟಿಫಿಕೇಟ್ ಕೊಡುತ್ತಿರುತ್ತಾರೆ. ಚಾರ್ಜ್ ಮಾಡಿದ ಮೇಲೂ ಮೀಟರ್ 10.5ರ ಆಸುಪಾಸಿಗೆ ಬಂದು ನಿಂತರೆ ಒಂದು ಕೋಶ ಸತ್ತಿದೆ ಎಂದು ತಿಳಿಯಬಹುದು. ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ ಹೈಡ್ರೋಮೀಟರಿನಿಂದ ಆರೂ ಕೋಶಗಳ ಸಾಂದ್ರತೆ ನೋಡಿ, ಯಾವುದೊಂದು ಉಳಿದವುಗಳಿಗಿಂತ 0.05ರಷ್ಟು ಕೆಳಗಿದ್ದರೆ ಅದೇ ಅಪರಾಧಿ. ನೀರು ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು, ಬೋರ್‌ವೆಲ್ ನೀರು ಖಂಡಿತ ಬೇಡ.

ತುದಿಗಳ ಸುತ್ತ ಬಿಳಿ ಅಥವಾ ಹಸಿರು ಹುಡಿ ಕಟ್ಟಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ಸುರಿದು, ಬ್ರಷ್‌ನಿಂದ ಉಜ್ಜಿ, ಒಣಗಿಸಿ, ಕ್ಲ್ಯಾಂಪು ಬಿಗಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಹಚ್ಚಬೇಕು. ಆ ಹುಡಿಗಿಂತ ಮೋಸಗಾರ ಎಂದರೆ ಕ್ಲ್ಯಾಂಪಿನ ಒಳಮೈಗೆ ಕಟ್ಟುವ ತೆಳುವಾದ ಬೂದು ಪದರ. ಹೊರಗಿನಿಂದ ಎಲ್ಲವೂ ಚೊಕ್ಕಟವಾಗಿ ಕಾಣುತ್ತಿರುತ್ತದೆ. ಅದನ್ನು ಕಣ್ಣಿನಿಂದಲ್ಲ, ಮುಂದೆ ಹೇಳುವ ಅಳತೆಯಿಂದ ಹಿಡಿಯಬೇಕು.

ಹೊರೆ ಹೊತ್ತಾಗಿನ ಕುಸಿತ

ಇಡೀ ಕೆಲಸದಲ್ಲಿ ಹೆಚ್ಚು ಗಮನ ಬೇಡುವ, ಮತ್ತು ಹೆಚ್ಚು ಜನ ಬಿಟ್ಟುಬಿಡುವ ಹಂತ ಇದು. ವಿಶ್ರಾಂತಿಯಲ್ಲಿ 12.6 ತೋರಿಸುವ ಬ್ಯಾಟರಿಯೂ ಒಳಗೆ ಬಳಲಿರಬಹುದು. ಓಮ್ ಶ್ರೇಣಿಯಲ್ಲಿ ಸರಿಯೆಂದು ಕಾಣುವ ಕೇಬಲ್ಲೂ ಒಳಗೆ ಹರಿದಿರಬಹುದು. ಎಳೆ ಕಡಿದ ಬಾವಿ ಹಗ್ಗ ಖಾಲಿ ಕೊಡ ಇಳಿಸುವಾಗ ಗಟ್ಟಿಯಾಗಿಯೇ ಇರುತ್ತದೆ, ತುಂಬಿದ ಕೊಡ ಎಳೆಯುವಾಗಲೇ ಅದರ ಬಂಡವಾಳ ಬಯಲಾಗುವುದು. ಲೆಕ್ಕ ಹಾಕಿ ನೋಡೋಣ. ಸ್ಟಾರ್ಟರ್ ದಾರಿಯಲ್ಲಿ ಎಲ್ಲೋ 0.02 ಓಮಿನಷ್ಟು ಅನಗತ್ಯ ಪ್ರತಿರೋಧ ಸೇರಿಕೊಂಡಿದೆ ಎಂದಿಟ್ಟುಕೊಂಡರೆ, ಮೀಟರಿನ ತಂತಿಗಳ ಪ್ರತಿರೋಧವೇ ಅದರ ಹತ್ತು ಪಟ್ಟು ಇರುವುದರಿಂದ ಓಮ್ ಶ್ರೇಣಿ ಅದನ್ನು ಗುರುತಿಸಲಾರದು. ಆದರೆ 100 ಆಂಪಿಯರ್ ಹರಿಯತೊಡಗಿದ ಕೂಡಲೇ ಅದೇ ಜಾಗ 2 ವೋಲ್ಟ್ ನುಂಗುತ್ತದೆ, ಮತ್ತು ಸ್ಟಾರ್ಟರ್ ತಿಣುಕುತ್ತ ತಿರುಗುತ್ತದೆ.

ಈ ಪರೀಕ್ಷೆಗೆ ಎಂಜಿನ್ ತಿರುಗಬೇಕು, ಆದರೆ ಹೊತ್ತಿಕೊಳ್ಳಬಾರದು; ಪೆಟ್ರೋಲ್ ಕಾರಿನಲ್ಲಿ ಫ್ಯುಯೆಲ್ ಪಂಪಿನ ಫ್ಯೂಸ್ ಕಿತ್ತು ಲೈನಿನಲ್ಲಿ ಉಳಿದ ಇಂಧನ ಮುಗಿಯುವಂತೆ ಒಮ್ಮೆ ತಿರುಗಿಸಿದರೆ ಆಯಿತು. ಗೇರ್ ನ್ಯೂಟ್ರಲ್‌ನಲ್ಲಿ, ಹ್ಯಾಂಡ್ ಬ್ರೇಕ್ ಎಳೆದು, ಸಹಾಯಕ್ಕೆ ಒಬ್ಬರನ್ನು ಕೀಲಿಯ ಬಳಿ ಕೂರಿಸಿ, ಒಂದು ಸಲಕ್ಕೆ ನಾಲ್ಕೈದು ಸೆಕೆಂಡಿಗಿಂತ ಹೆಚ್ಚು ತಿರುಗಿಸದೆ, ನಡುವೆ ಸ್ಟಾರ್ಟರ್ ತಣ್ಣಗಾಗಲು ಬಿಡುವು ಕೊಡಬೇಕು.

ಮೊದಲು ಮೀಟರಿನ ಮೊನೆಗಳನ್ನು ಬ್ಯಾಟರಿಯ ಸೀಸದ ಗೂಟಗಳ ಮೇಲೆಯೇ ಒತ್ತಿ ಹಿಡಿದು ತಿರುಗಿಸಲು ಹೇಳಬೇಕು. ಕ್ಲ್ಯಾಂಪಿನ ಮೇಲೆ ಹಿಡಿಯಬಾರದು. ನಮ್ಮ ಹವೆಯಲ್ಲಿ ಆರೋಗ್ಯವಂತ ಬ್ಯಾಟರಿ 9.6 ವೋಲ್ಟಿಗಿಂತ ಕೆಳಗೆ ಇಳಿಯಬಾರದು, ಸಾಮಾನ್ಯವಾಗಿ 10ರ ಮೇಲೆಯೇ ನಿಲ್ಲುತ್ತದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ 8ಕ್ಕೆ ಬಿದ್ದರೆ ಅದರ ಆಯುಷ್ಯ ಮುಗಿದಿದೆ, ಹೊಸದಕ್ಕೆ ಹಣ ತೆಗೆದಿಡಬಹುದು. ಬ್ಯಾಟರಿ 11ರ ಹತ್ತಿರ ನಿಂತೂ ಎಂಜಿನ್ ತೆವಳುತ್ತಿದ್ದರೆ ಮಾತ್ರ ಮುಂದಿನ ಎರಡು ಅಳತೆಗಳು ಬೇಕಾಗುತ್ತವೆ.

ಕೆಂಪು ಮೊನೆಯನ್ನು ಬ್ಯಾಟರಿಯ ಧನ ಗೂಟದ ಮೇಲೂ ಕಪ್ಪು ಮೊನೆಯನ್ನು ಸ್ಟಾರ್ಟರಿನ ದಪ್ಪ ಕೇಬಲ್ ಕೂರುವ ಬೋಲ್ಟಿನ ಮೇಲೂ ಇಟ್ಟು ತಿರುಗಿಸಿದಾಗ 0.5 ವೋಲ್ಟಿಗಿಂತ ಕಡಿಮೆ ಬರಬೇಕು. ಆಮೇಲೆ ಕಪ್ಪು ಮೊನೆಯನ್ನು ಋಣ ಗೂಟದ ಮೇಲೆ, ಕೆಂಪನ್ನು ಸ್ಟಾರ್ಟರಿನ ಲೋಹದ ಮೈಮೇಲೆ ಒತ್ತಿ ಅದೇ ಪರೀಕ್ಷೆ ಮಾಡಿದರೆ 0.2ಕ್ಕಿಂತ ಹೆಚ್ಚು ಬರಬಾರದು. ಹೆಚ್ಚು ಬಂದ ಕಡೆ ಮೊನೆಯನ್ನು ಒಂದೊಂದೇ ಜೋಡಣೆ ದಾಟಿಸುತ್ತ ಬಂದರೆ, ಅಂದರೆ ಗೂಟದಿಂದ ಕ್ಲ್ಯಾಂಪಿಗೆ, ಕ್ಲ್ಯಾಂಪಿನಿಂದ ಕೇಬಲ್ಲಿನ ತುದಿಗೆ, ಅಲ್ಲಿಂದ ಬಾಡಿಯ ಬೋಲ್ಟಿಗೆ, ಬಾಡಿಯಿಂದ ಎಂಜಿನ್ನಿಗೆ ಹೀಗೆ, ಸಂಖ್ಯೆ ತಟ್ಟನೆ ಬದಲಾಗುವ ಜಾಗದಲ್ಲೇ ದೋಷ ಕುಳಿತಿರುತ್ತದೆ. ಒಂದು ತಂತಿಯನ್ನೂ ಕತ್ತರಿಸದೆ, ಒಂದು ಬೋಲ್ಟನ್ನೂ ಬಿಚ್ಚದೆ ಇಷ್ಟು ತಿಳಿಯುವುದೇ ಈ ವಿಧಾನದ ಹೆಚ್ಚುಗಾರಿಕೆ.

ಅರ್ಥ್ ಕಡೆಯ ಕುಸಿತದಲ್ಲಿ ಮೊದಲು ನೋಡಬೇಕಾದದ್ದು ಎಂಜಿನ್ನಿನಿಂದ ಬಾಡಿಗೆ ಹೋಗುವ ಹೆಣೆದ ಪಟ್ಟಿಯನ್ನು. ಎಂಜಿನ್ ರಬ್ಬರ್ ಮೌಂಟಿಂಗುಗಳ ಮೇಲೆ ಕುಳಿತಿರುವುದರಿಂದ ಅದಕ್ಕೂ ಬಾಡಿಗೂ ಲೋಹದ ಸಂಪರ್ಕ ಇಂಥ ಪಟ್ಟಿ ಅಥವಾ ಕೇಬಲ್ಲುಗಳಿಂದ ಮಾತ್ರ. ಗೇರ್‌ಬಾಕ್ಸ್ ಅಥವಾ ಕ್ಲಚ್ ಕೆಲಸಕ್ಕೆ ಬಿಚ್ಚಿ ಮರುಜೋಡಿಸುವಾಗ ಅದನ್ನು ಮರೆತುಬಿಡುವುದು ಗ್ಯಾರೇಜುಗಳಲ್ಲಿ ಅಪರೂಪವೇನಲ್ಲ. ಆಗ ಸ್ಟಾರ್ಟರಿನ ಕರೆಂಟು ಸಿಕ್ಕಿದ ದಾರಿ ಹಿಡಿಯುತ್ತದೆ. ಹಳೆಯ ಕಾರುಗಳಲ್ಲಿ ಆಕ್ಸಿಲರೇಟರ್ ಅಥವಾ ಕ್ಲಚ್ಚಿನ ಉಕ್ಕಿನ ಕೇಬಲ್ ಮೂಲಕವೇ ಹರಿದು ಅದರ ಪ್ಲಾಸ್ಟಿಕ್ ಕವಚವನ್ನು ಕರಗಿಸಿದ್ದೂ ಉಂಟು. ಕೀಲಿ ತಿರುಗಿಸಿದಾಗ ಆ ಕೇಬಲ್ ಬೆಚ್ಚಗಾದರೆ ಬೇರೆ ಪರೀಕ್ಷೆಯೇ ಬೇಡ. ಸಂಶಯ ಪರಿಹಾರಕ್ಕೆ ಜಂಪರ್ ಕೇಬಲ್ಲೊಂದನ್ನು ಬ್ಯಾಟರಿಯ ಋಣ ತುದಿಯಿಂದ ಎಂಜಿನ್ನಿನ ಬರಿಯ ಲೋಹಕ್ಕೆ ಸಿಕ್ಕಿಸಿ ತಿರುಗಿಸಿ ನೋಡಬಹುದು; ಎಂಜಿನ್ ಗಕ್ಕನೆ ಚುರುಕಾದರೆ ಬೇಕಾಗಿರುವುದು ಅಗ್ಗದ ಪಟ್ಟಿಯೊಂದೇ ಹೊರತು ಹೊಸ ಬ್ಯಾಟರಿಯೂ ಅಲ್ಲ, ಸ್ಟಾರ್ಟರೂ ಅಲ್ಲ.

ಎರಡೂ ಕಡೆಯ ಕುಸಿತ ಮಿತಿಯಲ್ಲಿದ್ದು, ಬ್ಯಾಟರಿಯೂ ಚೆನ್ನಾಗಿದ್ದು ಸ್ಟಾರ್ಟರ್ ತಿರುಗದಿದ್ದರೆ ಸೊಲೆನಾಯ್ಡಿನ ತೆಳು ತಂತಿಯನ್ನು ಅಳೆಯಬೇಕು. ಜರ್ಮನ್ ಪ್ರಮಾಣವನ್ನು ಅನುಸರಿಸುವ ನಕ್ಷೆಗಳಲ್ಲಿ ಇದರ ಗುರುತು 50. ಕೀಲಿ ತಿರುಗಿಸಿದಾಗ ಅಲ್ಲಿಗೆ ಬ್ಯಾಟರಿಯ ವೋಲ್ಟೇಜ್ ಬಂದರೆ ಸ್ಟಾರ್ಟರ್ ಕಳಚಬೇಕು. ಬಾರದಿದ್ದರೆ ಇಗ್ನಿಷನ್ ಸ್ವಿಚ್, ಸ್ಟಾರ್ಟರ್ ರಿಲೇ, ಕ್ಲಚ್ ಪೆಡಲಿನ ಸ್ವಿಚ್ ಅಥವಾ ಆಟೊಮ್ಯಾಟಿಕ್ ಕಾರಿನ ನ್ಯೂಟ್ರಲ್ ಸ್ವಿಚ್ ಇವುಗಳಲ್ಲಿ ಒಂದು ಕೈಕೊಟ್ಟಿದೆ. ಗೇರ್ ಡಿ (ಡ್ರೈವ್) ಸ್ಥಾನದಲ್ಲಿರುವಾಗ ಆಟೊಮ್ಯಾಟಿಕ್ ಕಾರು ಸ್ಟಾರ್ಟ್ ಆಗದಿರುವುದು ದೋಷವಲ್ಲ ಎಂಬುದನ್ನೂ ಇಲ್ಲೇ ನೆನಪಿಸಬಹುದು.

ತುಂಬಿಸುವ ಕೆಲಸ ನಡೆಯುತ್ತಿದೆಯೇ

ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತುದಿ ಕಿತ್ತು, ಎಂಜಿನ್ ನಿಲ್ಲದಿದ್ದರೆ ಆಲ್ಟರ್ನೇಟರ್ ಚೆನ್ನಾಗಿದೆ ಎಂದು ತೀರ್ಪು ಕೊಡುವ ಪದ್ಧತಿ ರಸ್ತೆ ಬದಿಯ ಗ್ಯಾರೇಜುಗಳಲ್ಲಿ ಇನ್ನೂ ಬದುಕಿದೆ. ಡೈನಮೋ ಕಾಲದ ಗಾಡಿಗಳಲ್ಲಿ ಅದು ಹೇಗೋ ನಡೆದುಹೋಗುತ್ತಿತ್ತು. ಇಂದಿನ ಕಾರಿನಲ್ಲಿ ಬ್ಯಾಟರಿ ಏಕಾಏಕಿ ಕಳಚಿದಾಗ ಆಲ್ಟರ್ನೇಟರಿನ ವೋಲ್ಟೇಜ್ ಕ್ಷಣಕಾಲ ಹತ್ತಾರು ವೋಲ್ಟಿಗೆ ಜಿಗಿಯುತ್ತದೆ, ಮತ್ತು ಆ ಜಿಗಿತ ಎಂಜಿನ್ ಕಂಟ್ರೋಲ್ ಯೂನಿಟ್ಟನ್ನು ಸುಡಬಲ್ಲದು. ಯಾರಾದರೂ ಸ್ಪ್ಯಾನರ್ ಹಿಡಿದು ಹಾಗೆ ಮಾಡಹೊರಟರೆ ದಯಮಾಡಿ ತಡೆಯಬೇಕು.

ಕೀಲಿಯನ್ನು ಆನ್ ಸ್ಥಾನಕ್ಕೆ ತಂದಾಗ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಬ್ಯಾಟರಿ ಚಿಹ್ನೆ ಹೊತ್ತಿ, ಎಂಜಿನ್ ಓಡಿದಾಗ ಆರಬೇಕು. ಹಳೆಯ ಮಾದರಿಗಳಲ್ಲಿ ಅದು ಬರಿಯ ಸೂಚಕವಲ್ಲ; ಆಲ್ಟರ್ನೇಟರಿನ ಸುರುಳಿಗೆ ಮೊದಲ ಪ್ರಚೋದನೆಯ ಕರೆಂಟು ಹೋಗುವುದೇ ಆ ಪುಟ್ಟ ಬಲ್ಬಿನ ಮೂಲಕ. ಬಲ್ಬು ಸುಟ್ಟರೆ ಆಲ್ಟರ್ನೇಟರ್ ತಿರುಗುತ್ತದೆ, ವಿದ್ಯುತ್ ಮಾತ್ರ ಹುಟ್ಟದೆ ಹೋಗಬಹುದು. ಆದ್ದರಿಂದ ಕೆಂಪು ದೀಪ ಬಾರದಿರುವುದೂ ಒಂದು ದೋಷದ ಲಕ್ಷಣವೇ.

ಎಂಜಿನ್ನನ್ನು ಐಡಲಿಗಿಂತ ಸ್ವಲ್ಪ ಮೇಲೆ ಓಡಿಸಿ ಬ್ಯಾಟರಿಯ ಗೂಟಗಳಲ್ಲಿ ಅಳೆದರೆ 13.8ರಿಂದ 14.5 ವೋಲ್ಟ್ ಬರಬೇಕು. ಹೆಡ್‌ಲೈಟ್, ಎಸಿ ಬ್ಲೋವರ್, ಹಿಂಗಾಜಿನ ಹೀಟರ್ ಎಲ್ಲವನ್ನೂ ಹಾಕಿದಾಗಲೂ 13.5ಕ್ಕಿಂತ ಕೆಳಗೆ ಇಳಿಯದಿದ್ದರೆ ಒಳ್ಳೆಯದು. 12.6ರಲ್ಲೇ ನಿಂತು ಕ್ರಮೇಣ ಇಳಿಯುತ್ತಿದ್ದರೆ ಚಾರ್ಜಿಂಗ್ ಇಲ್ಲ: ಬೆಲ್ಟ್ ಸಡಿಲವಾಗಿದೆಯೇ, ಆಲ್ಟರ್ನೇಟರಿನ ಹಿಂಬದಿಯ ಕನೆಕ್ಟರ್ ಕಳಚಿದೆಯೇ, ದಪ್ಪ ಕೇಬಲ್ಲಿನ ದಾರಿಯ ದೊಡ್ಡ ಫ್ಯೂಸ್ ಹೋಗಿದೆಯೇ ಎಂದು ನೋಡಿದ ಮೇಲೆ ಮಾತ್ರ ಆಲ್ಟರ್ನೇಟರಿಗೆ ಕೈ ಹಾಕಬೇಕು. 15 ದಾಟಿ ಏರುತ್ತಿದ್ದು, ಬ್ಯಾಟರಿಯಿಂದ ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ ರೆಗ್ಯುಲೇಟರ್ ಕೆಟ್ಟಿದೆ, ಗಾಡಿಯನ್ನು ಓಡಿಸದಿರುವುದು ಕ್ಷೇಮ. ಆದರೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಈಚಿನ ಅನೇಕ ಕಾರುಗಳಲ್ಲಿ ಋಣ ತುದಿಯ ಮೇಲೆ ಸಣ್ಣ ಸೆನ್ಸರ್ ಕುಳಿತಿದ್ದು, ಇಂಧನ ಉಳಿಸುವ ಸಲುವಾಗಿ ಕಂಪ್ಯೂಟರೇ ಚಾರ್ಜಿಂಗನ್ನು ಏರಿಸಿ ಇಳಿಸುತ್ತದೆ. ಅಂಥ ಕಾರು ಸಮವೇಗದಲ್ಲಿ ಹೋಗುವಾಗ 12.7 ತೋರಿಸಿ, ಬ್ರೇಕ್ ಒತ್ತಿ ನಿಧಾನಿಸುವಾಗ 15ರ ಹತ್ತಿರ ಏರಿದರೆ ಏನೂ ಕೆಟ್ಟಿಲ್ಲ.

ಡಯೋಡ್‌ಗಳ ಆರೋಗ್ಯ ತಿಳಿಯಲು ಮೀಟರನ್ನು ಪರ್ಯಾಯ ವಿದ್ಯುತ್ತಿನ ಶ್ರೇಣಿಗೆ ತಂದು, ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಅಳೆಯುತ್ತಾರೆ, 0.5 ವೋಲ್ಟಿಗಿಂತ ಹೆಚ್ಚಿದ್ದರೆ ಡಯೋಡ್ ಒಂದು ಹೋಗಿರುವ ಸಂಭವ ಹೆಚ್ಚು. ಅಗ್ಗದ ಮೀಟರುಗಳು ಈ ಶ್ರೇಣಿಯಲ್ಲಿ ನೇರ ವಿದ್ಯುತ್ತನ್ನೂ ಸೇರಿಸಿಕೊಂಡು ಸುಳ್ಳು ಹೇಳುತ್ತವೆ. ಎಂಜಿನ್ ನಿಂತಿರುವಾಗಲೇ ಒಮ್ಮೆ ಅಳೆದು ನೋಡಿ, 25 ವೋಲ್ಟ್ ಎಂಬಂಥ ಅಸಂಬದ್ಧ ಸಂಖ್ಯೆ ಬಂದರೆ ಆ ಮೀಟರ್ ಈ ಕೆಲಸಕ್ಕೆ ಒದಗದು. ಕೆಟ್ಟ ಡಯೋಡಿನಿಂದ ಚಾರ್ಜಿಂಗ್ ಕುಂಠಿತವಾಗುವುದಷ್ಟೇ ಅಲ್ಲ, ಕಾರು ನಿಂತಿರುವಾಗ ಬ್ಯಾಟರಿಯ ವಿದ್ಯುತ್ತು ಅದರ ಮೂಲಕ ಹಿಂದಕ್ಕೆ ಸೋರಿಹೋಗಲೂಬಹುದು.

ರಾತ್ರಿಯ ಸೋರಿಕೆ

ಬ್ಯಾಟರಿ ಸರಿ, ಸ್ಟಾರ್ಟರ್ ಸರಿ, ಚಾರ್ಜಿಂಗ್ ಸರಿ. ಆದರೂ ಎರಡು ದಿನ ನಿಂತರೆ ಕಾರು ಸತ್ತಿರುತ್ತದೆ ಎಂದಾದರೆ ಯಾರೋ ಕದಿಯುತ್ತಿದ್ದಾರೆ. ಗಡಿಯಾರ, ಅಲಾರಂ, ರಿಮೋಟ್ ಲಾಕಿನ ರಿಸೀವರ್, ಕಂಪ್ಯೂಟರುಗಳ ನೆನಪು ಇವೆಲ್ಲ ನಿಂತ ಕಾರಿನಲ್ಲೂ ಸ್ವಲ್ಪ ಕರೆಂಟು ತೆಗೆದುಕೊಳ್ಳುತ್ತವೆ, ಮತ್ತು ಅದು 50 ಮಿಲಿಆಂಪಿಯರ್ ಒಳಗಿದ್ದರೆ ಸಹಜ. 35 ಆಂಪಿಯರ್-ಅವರ್ ಬ್ಯಾಟರಿಯುಳ್ಳ ಸಣ್ಣ ಕಾರು 30 ಮಿಲಿಆಂಪಿಯರ್ ಲೆಕ್ಕದಲ್ಲಿ ಅರ್ಧ ಖಾಲಿಯಾಗಲು ಮೂರು ವಾರಕ್ಕೂ ಮೇಲೆ ಬೇಕು. ಅದೇ ಕಾರಿನ ಡಿಕ್ಕಿಯ 5 ವ್ಯಾಟ್ ದೀಪ ಮುಚ್ಚಳ ಹಾಕಿದ ಮೇಲೂ ಉರಿಯುತ್ತಿದ್ದರೆ 0.4 ಆಂಪಿಯರಿನಂತೆ ದಿನಕ್ಕೆ 10 ಆಂಪಿಯರ್-ಅವರ್ ಖರ್ಚು. ಎರಡನೆಯ ದಿನಕ್ಕೆ ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಹೋಗಿರುತ್ತದೆ. ಇಷ್ಟು ಸಣ್ಣ ದೀಪ ಏನು ಮಾಡೀತು ಎಂದು ಕೇಳುವವರಿಗೆ ಈ ಗುಣಾಕಾರವೇ ಉತ್ತರ.

ಅಳೆಯುವ ಕ್ರಮ ಹೀಗಿದೆ. ಬಾನೆಟ್ ತೆರೆದು, ಅದರ ಸ್ವಿಚ್ ಇದ್ದರೆ ಒತ್ತಿದ ಸ್ಥಿತಿಯಲ್ಲಿ ಕಟ್ಟಿ, ಫ್ಯೂಸ್ ಡಬ್ಬಿಗೆ ಕೈ ಎಟಕುವಂತೆ ಬಾಗಿಲು ತೆರೆದಿಟ್ಟು ಅದರ ಲಾಕಿನ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿದಂತೆ ತಿರುಗಿಸಿ, ಕೀಲಿಯನ್ನು ಕಾರಿನಿಂದ ದೂರ ಇಡಬೇಕು. ಋಣ ಕೇಬಲ್ ಬಿಚ್ಚಿ, ಗೂಟಕ್ಕೂ ಕೇಬಲ್ಲಿಗೂ ನಡುವೆ ಮೀಟರನ್ನು 10 ಆಂಪಿಯರ್ ಶ್ರೇಣಿಯಲ್ಲಿ ಸೇರಿಸಬೇಕು. ಈ ಸ್ಥಿತಿಯಲ್ಲಿ ಸ್ಟಾರ್ಟರ್ ತಿರುಗಿಸಿದರೆ ಮೀಟರಿಗೆ ಅದೇ ಕೊನೆ. ಮೊದಲಿಗೆ ಕೆಲವು ಆಂಪಿಯರ್ ತೋರಿಸಿದರೆ ಗಾಬರಿ ಬೇಡ, ಎಚ್ಚರಗೊಂಡ ಕಂಪ್ಯೂಟರುಗಳು ಮತ್ತೆ ಮಲಗಲು ಇಪ್ಪತ್ತು ನಿಮಿಷದಿಂದ ಒಂದು ಗಂಟೆಯವರೆಗೂ ತೆಗೆದುಕೊಳ್ಳುತ್ತವೆ. ಸೋರಿಕೆಯ ಹುಡುಕಾಟದಲ್ಲಿ ಆಗುವ ಎಡವಟ್ಟುಗಳಲ್ಲಿ ಬಹುಪಾಲು ಈ ಕಾಯುವಿಕೆಯನ್ನು ತಪ್ಪಿಸಲು ಹೋಗಿ ಆದವು.

ಕಾಯ್ದ ಮೇಲೂ ಸಂಖ್ಯೆ ಹೆಚ್ಚಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು, ಯಾವುದು ಕಿತ್ತಾಗ ಇಳಿಯುತ್ತದೆ ಎಂದು ನೋಡುವುದು ಹಳೆಯ ದಾರಿ. ಹೊಸ ಕಾರುಗಳಲ್ಲಿ ಫ್ಯೂಸ್ ಮರಳಿ ಸಿಕ್ಕಿಸಿದ ಕೂಡಲೇ ಮಲಗಿದ್ದ ಯೂನಿಟ್ ಎದ್ದು ಕೂರುವುದರಿಂದ ಲೆಕ್ಕವೆಲ್ಲ ಕೆಡುತ್ತದೆ. ಅಂಥಲ್ಲಿ ಫ್ಯೂಸನ್ನು ಕೀಳದೆಯೇ ಅದರ ಬೆನ್ನಿನ ಮೇಲಿರುವ ಎರಡು ಪುಟ್ಟ ಲೋಹದ ಚುಕ್ಕೆಗಳಿಗೆ ಮೀಟರಿನ ಮೊನೆ ತಾಗಿಸಿ 200 ಮಿಲಿವೋಲ್ಟ್ ಶ್ರೇಣಿಯಲ್ಲಿ ಅಳೆಯುವುದು ಜಾಣತನ. ಫ್ಯೂಸಿನ ತಂತಿಗೂ ಅತ್ಯಲ್ಪ ಪ್ರತಿರೋಧ ಇರುವುದರಿಂದ ಕರೆಂಟು ಹರಿಯುವ ಫ್ಯೂಸಿನ ಮೇಲೆ ಮಾತ್ರ ಸಣ್ಣ ಕುಸಿತ ಕಾಣುತ್ತದೆ: 10 ಆಂಪಿಯರ್ ಬ್ಲೇಡ್ ಫ್ಯೂಸಿನ ಮೇಲೆ 0.7 ಅಥವಾ 0.8 ಮಿಲಿವೋಲ್ಟ್ ಬಂದರೆ ಅದರಲ್ಲಿ ಸುಮಾರು 100 ಮಿಲಿಆಂಪಿಯರ್ ಹೋಗುತ್ತಿದೆ ಎಂದರ್ಥ. ಸೊನ್ನೆ ಬಂದ ಫ್ಯೂಸುಗಳನ್ನು ದಾಟುತ್ತ ಹೋದರೆ ಡಬ್ಬಿ ಮುಗಿಯಲು ಐದು ನಿಮಿಷ ಸಾಕು. ಯಾವ ಫ್ಯೂಸೂ ಸಿಕ್ಕಿಬೀಳದಿದ್ದರೆ ಉಳಿದ ಶಂಕಿತರು ಫ್ಯೂಸ್ ಡಬ್ಬಿಯನ್ನು ಬಳಸದ ಆಲ್ಟರ್ನೇಟರ್ ಮತ್ತು ಸ್ಟಾರ್ಟರ್, ಜೊತೆಗೆ ಹೊರಗಿನ ಅಂಗಡಿಯಲ್ಲಿ ಹಾಕಿಸಿದ ಉಪಕರಣಗಳು.

ಈ ಕೊನೆಯ ಗುಂಪಿನ ಬಗ್ಗೆ ನನಗೆ ಸ್ವಲ್ಪವೂ ಸಹಾನುಭೂತಿಯಿಲ್ಲ. ಇಗ್ನಿಷನ್ ತಂತಿಗೆ ಸೇರಿಸಬೇಕಾದದ್ದನ್ನು ನೇರ ಬ್ಯಾಟರಿಗೆ ಸೇರಿಸಿದ ಸ್ಟೀರಿಯೊ, ರಾತ್ರಿಯಿಡೀ ಚಿತ್ರ ತೆಗೆಯುವ ಡ್ಯಾಶ್ ಕ್ಯಾಮೆರಾ, ಜಿಪಿಎಸ್ ಟ್ರ್ಯಾಕರ್, ಹಲ್ಲಿನಿಂದ ಸಿಪ್ಪೆ ಸುಲಿದು ತಿರುಚಿ ಟೇಪ್ ಸುತ್ತಿದ ಜೋಡಣೆಗಳು, ಇವೆಲ್ಲ ಮೊದಲು ನೋಡಬೇಕಾದ ಜಾಗಗಳು. ಕಾರು ಕೊಂಡ ಮೇಲೆ ಏನೇನು ಹಾಕಿಸಿದಿರಿ ಎಂದು ಕೇಳಿದರೆ ಅರ್ಧ ಹುಡುಕಾಟ ಅಲ್ಲೇ ಮುಗಿಯುತ್ತದೆ.

ಒಂದು ಒತ್ತಿದರೆ ಇನ್ನೊಂದು ಉರಿಯುವ ದೀಪಗಳು

ಸ್ಟಾರ್ಟಿಂಗಿಗೆ ಸಂಬಂಧಿಸಿದ್ದಲ್ಲವಾದರೂ ಅದೇ ಅರ್ಥ್ ದೋಷದ ಇನ್ನೊಂದು ಮುಖ ಹಿಂಬದಿಯ ದೀಪಗಳಲ್ಲಿ ಕಾಣಿಸಿಕೊಳ್ಳುತ್ತದೆ. ಬ್ರೇಕ್ ಒತ್ತಿದಾಗ ಬ್ರೇಕ್ ದೀಪ ಸರಿಯಾಗಿ ಹೊತ್ತದೆ, ಬದಲಿಗೆ ನಂಬರ್ ಪ್ಲೇಟಿನ ದೀಪವೋ ಮುಂದಿನ ಪಾರ್ಕಿಂಗ್ ದೀಪವೋ ಮಂಕಾಗಿ ಮಿನುಗಿದರೆ ನೋಡಿದವರಿಗೆ ಭೂತಚೇಷ್ಟೆಯಂತೆ ತೋರುತ್ತದೆ. ಸಾಮಾನ್ಯ ಹಿಂದೀಪದ ಬಲ್ಬಿನೊಳಗೆ 21 ವ್ಯಾಟಿನ ಬ್ರೇಕ್ ತಂತುವೂ 5 ವ್ಯಾಟಿನ ಟೈಲ್ ತಂತುವೂ ಇದ್ದು ಎರಡಕ್ಕೂ ವಾಪಸು ದಾರಿ ಒಂದೇ. ಆ ದಾರಿಯ ಬೋಲ್ಟ್ ತುಕ್ಕು ಹಿಡಿದು ಕಡಿದಾಗ ಬ್ರೇಕ್ ತಂತು ದಾಟಿ ಬಂದ ಕರೆಂಟಿಗೆ ಬಾಡಿಗೆ ಇಳಿಯಲು ಜಾಗವಿಲ್ಲ; ಅದು ಪಕ್ಕದ ಟೈಲ್ ತಂತುವಿನ ಮೂಲಕ ಹಿಮ್ಮುಖವಾಗಿ ಹತ್ತಿ ಪಾರ್ಕಿಂಗ್ ತಂತಿಗೆ ಸೇರಿ, ಆ ತಂತಿಗೆ ಕಟ್ಟಿದ ಬೇರೆ ದೀಪಗಳ ಒಳ್ಳೆಯ ಅರ್ಥ್ ಹುಡುಕಿಕೊಂಡು ಹೋಗುತ್ತದೆ. ಹೋಲ್ಡರಿನ ಅರ್ಥ್ ತುದಿಗೂ ಬ್ಯಾಟರಿಯ ಋಣಕ್ಕೂ ನಡುವೆ, ಬ್ರೇಕ್ ಒತ್ತಿರುವಾಗ, 0.2 ವೋಲ್ಟಿಗಿಂತ ಹೆಚ್ಚು ಬಂದರೆ ಡಿಕ್ಕಿಯ ಒಳಗಿನ ಅರ್ಥ್ ಬೋಲ್ಟನ್ನು ಬಿಚ್ಚಿ, ಬಣ್ಣ ಮತ್ತು ತುಕ್ಕನ್ನು ಬರಿಯ ಲೋಹ ಕಾಣುವ ತನಕ ಉಜ್ಜಿ ಮರಳಿ ಬಿಗಿಯಬೇಕು.

ಹೆಡ್‌ಲೈಟ್ ಮಂದವಾದಾಗಲೂ ಇದೇ ಅಳತೆ. 55 ವ್ಯಾಟಿನ ಬಲ್ಬಿನ ದಾರಿಯಲ್ಲಿ ಅರ್ಧ ಓಮ್ ಸೇರಿದರೆ ಬಲ್ಬಿಗೆ ಸಿಗುವುದು ಸುಮಾರು 10 ವೋಲ್ಟ್, ಬೆಳಕು ಮಾತ್ರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೆ ಪರಿಹಾರವೆಂದು 100 ವ್ಯಾಟ್ ಬಲ್ಬ್ ಹಾಕಿದರೆ ಹೆಚ್ಚಿದ ಕರೆಂಟಿಗೆ ಅದೇ ಕೆಟ್ಟ ಜೋಡಣೆ ಕಾದು, ಕನೆಕ್ಟರ್ ಕರಗುತ್ತದೆ.

ಫ್ಯೂಸು, ರಿಲೇ, ಇಲಿ

ಬ್ಲೇಡ್ ಫ್ಯೂಸುಗಳಲ್ಲಿ ಬಣ್ಣವೇ ಗುರುತು: ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್. ಸುಟ್ಟ ಫ್ಯೂಸಿನ ಜಾಗಕ್ಕೆ ಅದೇ ಬಣ್ಣದ್ದನ್ನು ಒಮ್ಮೆ ಹಾಕಿ ನೋಡಬಹುದು. ಮತ್ತೆ ಸುಟ್ಟರೆ ಶಾರ್ಟ್ ಹುಡುಕಬೇಕೇ ಹೊರತು ದೊಡ್ಡದು ಹಾಕುವುದಾಗಲಿ, ಬೆಳ್ಳಿ ಕಾಗದ ಸುತ್ತುವುದಾಗಲಿ ಸಲ್ಲದು. ಫ್ಯೂಸ್ ಕಾಪಾಡುವುದು ಉಪಕರಣವನ್ನಲ್ಲ, ತಂತಿಯನ್ನು. ದೊಡ್ಡ ಫ್ಯೂಸ್ ಹಾಕಿದ ಮಂಡಲದಲ್ಲಿ ಮುಂದೆ ಸುಡುವುದು ಆ ತಂತಿಯೇ.

ರಿಲೇಯಲ್ಲಿ 85 ಮತ್ತು 86 ಸುರುಳಿಯ ತುದಿಗಳು, 30 ಬ್ಯಾಟರಿಯಿಂದ ಬರುವ ದಾರಿ, 87 ಉಪಕರಣಕ್ಕೆ ಹೋಗುವ ದಾರಿ. ಸುರುಳಿಯ ಪ್ರತಿರೋಧ ಸಾಮಾನ್ಯವಾಗಿ 60ರಿಂದ 100 ಓಮ್ ಇರುತ್ತದೆ. ಟಿಕ್ಕೆಂದು ಸದ್ದು ಮಾಡುವ ರಿಲೇ ಒಳಗೆ ಸುಟ್ಟ ಸಂಪರ್ಕ ಬಿಂದುಗಳನ್ನು ಇಟ್ಟುಕೊಂಡಿರಬಹುದಾದ್ದರಿಂದ ಸದ್ದನ್ನು ನಂಬದೆ, ಅದೇ ಡಬ್ಬಿಯಲ್ಲಿರುವ ಅದೇ ನಂಬರಿನ ಇನ್ನೊಂದು ರಿಲೇಯೊಂದಿಗೆ ಅದಲುಬದಲು ಮಾಡಿ ನೋಡುವುದು ಸುಲಭ.

ಮಳೆಗಾಲ ಶುರುವಾದೊಡನೆ ಎಂಜಿನ್ ಕೋಣೆಯ ಬಿಸುಪಿಗೆ ಬರುವ ಇಲಿಗಳನ್ನು ಈ ಕೈಪಿಡಿಯಿಂದ ಹೊರಗಿಡುವಂತಿಲ್ಲ. ಬ್ಯಾಟರಿಯ ತಟ್ಟೆಯ ಕೆಳಗೆ, ಏರ್ ಫಿಲ್ಟರ್ ಡಬ್ಬಿಯ ಹಿಂದೆ, ಎಂಜಿನ್ ಮುಚ್ಚಳದ ಸ್ಪಂಜಿನಡಿ ಹಿಕ್ಕೆ, ತೆಂಗಿನ ನಾರು, ಬಟ್ಟೆಚೂರು ಕಂಡರೆ ಹತ್ತಿರದ ವೈರಿಂಗನ್ನು ಬೆರಳಿನಿಂದ ಸವರುತ್ತ ಹೋಗಬೇಕು. ಕಚ್ಚಿದ ಜಾಗ ಹೆಚ್ಚಾಗಿ ಕೆಳಮುಖವಾಗಿದ್ದು ಕಣ್ಣಿಗೆ ಬೀಳುವುದಿಲ್ಲ. ಕಡಿದ ತಂತಿಯನ್ನು ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಕೊಳವೆ ತೊಡಿಸಬೇಕು. ಬರಿಯ ಟೇಪ್ ಸುತ್ತಿದರೆ ಎಂಜಿನ್ನಿನ ಶಾಖಕ್ಕೆ ಅಂಟು ಬಿಟ್ಟು, ಮುಂದಿನ ಮಳೆಗೆ ಕಿಲುಬು ಹಿಡಿಯುತ್ತದೆ.

ಸ್ಕ್ಯಾನರ್ ತೋರಿಸುವ ಪಟ್ಟಿ

ಕುಸಿದ ಬ್ಯಾಟರಿಯೊಡನೆ ಸ್ಟಾರ್ಟ್ ಮಾಡಲು ಹೆಣಗಿದ ಕಾರಿನಲ್ಲಿ ಎಬಿಎಸ್, ಪವರ್ ಸ್ಟಿಯರಿಂಗ್, ಎಂಜಿನ್ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಳ್ಳುವುದುಂಟು. ವೋಲ್ಟೇಜ್ ಬಿದ್ದಾಗ ಒಂದೊಂದು ಕಂಟ್ರೋಲ್ ಯೂನಿಟ್ಟೂ ಪಕ್ಕದವನು ಮಾತಾಡುತ್ತಿಲ್ಲ ಎಂದು ದೂರು ಬರೆದಿಡುತ್ತದೆ; ಆ ದೂರುಗಳನ್ನು ಕೋಡುಗಳಾಗಿ ಓದಿ ತೋರಿಸುವ ಉಪಕರಣವೇ ಸ್ಕ್ಯಾನರ್. ಆ ಪಟ್ಟಿಯನ್ನು ನೋಡಿ ಸೆನ್ಸರುಗಳನ್ನು ಬದಲಿಸಹೊರಡದೆ, ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಕೋಡುಗಳನ್ನು ಅಳಿಸಿ, ಒಂದು ಸುತ್ತು ಓಡಿಸಿದ ಮೇಲೆ ಯಾವುದು ಮರಳಿ ಬರುತ್ತದೋ ಅದನ್ನು ಮಾತ್ರ ಬೆನ್ನಟ್ಟಬೇಕು. ಸ್ಕ್ಯಾನರ್ ಕಾರಿನೊಡನೆ ಮಾತಾಡಲೇ ಒಪ್ಪದಿದ್ದರೆ ಸ್ಟಿಯರಿಂಗ್ ಕೆಳಗೆ ಸ್ಕ್ಯಾನರ್ ಸಿಕ್ಕಿಸುವ ಒಬಿಡಿ ಸಾಕೆಟ್ಟಿನ 16ನೆಯ ಪಿನ್ನಿಗೆ ಬ್ಯಾಟರಿಯ ವೋಲ್ಟೇಜ್, 4 ಮತ್ತು 5ನೆಯ ಪಿನ್ನುಗಳಿಗೆ ಅರ್ಥ್ ಬರುತ್ತಿದೆಯೇ ಎಂದು ನೋಡಬೇಕು. ಅನೇಕ ಕಾರುಗಳಲ್ಲಿ ಸಿಗರೇಟ್ ಲೈಟರಿನ ಫ್ಯೂಸೇ ಇದಕ್ಕೂ ವಿದ್ಯುತ್ ಕೊಡುತ್ತದೆ. ಅದು ಸರಿಯಿದ್ದರೆ ಬ್ಯಾಟರಿ ಕಳಚಿ, 6 ಮತ್ತು 14ನೆಯ ಪಿನ್ನುಗಳ ನಡುವೆ ಪ್ರತಿರೋಧ ಅಳೆಯಬಹುದು. ಯೂನಿಟ್ಟುಗಳು ಪರಸ್ಪರ ಮಾತಾಡುವ ಎರಡು ತಂತಿಗಳ ಜಾಲ ಈ ಪಿನ್ನುಗಳಿಗೆ ಬರುತ್ತದೆ. ಆ ಜಾಲದ ಎರಡು ತುದಿಗಳಲ್ಲಿ ತಲಾ 120 ಓಮಿನ ಪ್ರತಿರೋಧಕ ಇರುವುದರಿಂದ ಅಲ್ಲಿ ಸಾಮಾನ್ಯವಾಗಿ 60 ಓಮ್ ಬರಬೇಕು. 120 ಬಂದರೆ ಒಂದು ತುದಿ ಕಡಿದಿದೆ, ಸೊನ್ನೆಯ ಹತ್ತಿರ ಬಂದರೆ ಎರಡು ತಂತಿಗಳು ಎಲ್ಲೋ ಒಂದಕ್ಕೊಂದು ತಾಗಿವೆ. ಸಾಕೆಟ್ಟಿಗೂ ಒಳಗಿನ ಜಾಲಕ್ಕೂ ನಡುವೆ ದ್ವಾರಪಾಲಕನಂತೆ ಗೇಟ್‌ವೇ ಯೂನಿಟ್ ಕೂರಿಸಿರುವ ಹೊಸ ಮಾದರಿಗಳಲ್ಲಿ ಈ ಅಳತೆ ಆ ಯೂನಿಟ್ಟಿನವರೆಗಷ್ಟೇ ಹೋಗುತ್ತದೆ. ಅದರಾಚೆಯ ಜಾಲಕ್ಕೆ ಆ ಮಾದರಿಯ ವೈರಿಂಗ್ ನಕ್ಷೆ ಬೇಕು, ಮತ್ತು ಅದು ಕೈಯಲ್ಲಿಲ್ಲದೆ ಸೀಟು, ಕಾರ್ಪೆಟ್ ಬಿಚ್ಚಲು ತೊಡಗಬಾರದು.